ಅರವತ್ತು ಪ್ರಶ್ನೆ ಕೇಳಿ ಹೋದರು, ಒಂದು ಉತ್ತರವೂ ವಾಪಸ್ ಬರಲಿಲ್ಲ

ಮಿಡಿಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಘಟಕ. ಅತ್ತೆ ಅಡುಗೆಮನೆಯಲ್ಲಿ ಶುರು ಮಾಡಿದ್ದು. ಈಗ ಹಿತ್ತಲಿನ ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಾರೆ.

ಕಳೆದ ವಾರ ಒಬ್ಬರು ಪಿಎಚ್‌ಡಿ ವಿದ್ಯಾರ್ಥಿ ಪ್ರಶ್ನಾವಳಿ ಹಿಡಿದು ಬಂದಿದ್ದರು. ನಾಲ್ಕು ವರ್ಷದಲ್ಲಿ ಇದು ಮೂರನೆಯದು. ಒಟ್ಟು ಅರವತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಐದು ಮನೆ: ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಗೊತ್ತಿಲ್ಲ, ಹೀಗೆ. ‘ನಿಮ್ಮ ಸಂಸ್ಥೆಗೆ ಸ್ಪಷ್ಟವಾದ ದೂರದೃಷ್ಟಿ ಇದೆ’ ಅನ್ನುವುದು ಹದಿನಾಲ್ಕನೇ ಪ್ರಶ್ನೆ. ನಾನು ಟಿಕ್ ಹಾಕುತ್ತಾ ಹೋದೆ. ಅವತ್ತೇ ಬೆಳಿಗ್ಗೆ ಒಂದು ಬ್ಯಾರಲ್ ತೆಗೆದರೆ ಮಿಡಿ ಮೆತ್ತಗಾಗಿತ್ತು. ನನ್ನ ತಲೆ ತುಂಬ ಅದೇ ಇತ್ತು. ಅದನ್ನು ಕೇಳುವ ಪ್ರಶ್ನೆ ಆ ಅರವತ್ತರಲ್ಲಿ ಇರಲಿಲ್ಲ.

ಮೊದಲು ಬಂದ ಇಬ್ಬರ ಸಂಶೋಧನೆ ಏನಾಯಿತು ಅಂತಲೂ ನನಗೆ ಗೊತ್ತಾಗಲಿಲ್ಲ. ಫೋನ್ ಇಲ್ಲ, ಕಾಗದ ಇಲ್ಲ. ನಮ್ಮಿಂದ ತಗೊಂಡಿದ್ದು ನಮಗೆ ತಿರುಗಿ ಬರಲೇ ಇಲ್ಲ. ನನಗೆ ಬೇಸರ ಇರುವುದು ಅಲ್ಲಿ.

ಹಾಗಂತ ಸಂಶೋಧನೆಯೇ ದಂಡ ಅಂತ ಹೇಳಲು ನಾನು ಬಂದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಅಕ್ಕನ ಮಗಳು ರಜೆಗೆ ಬಂದಿದ್ದಳು. ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ಅವಳು ಪ್ರಶ್ನೆ ಕೇಳಲಿಲ್ಲ. ಎಂಟು ದಿನ ಶೆಡ್ಡಿನಲ್ಲಿ ಸುಮ್ನೆ ಕೂತಳು. ಮಿಡಿ ಯಾವಾಗ ಬಂತು, ಯಾರು ತಂದರು, ತೊಟ್ಟು ಗಟ್ಟಿ ಇತ್ತಾ, ಎಷ್ಟು ಹೊತ್ತಿಗೆ ಉಪ್ಪಿಗೆ ಬಿತ್ತು, ಎಲ್ಲವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಳು. ಹೋಗುವಾಗ ‘ಚಿಕ್ಕಮ್ಮಾ, ಇದನ್ನು ಬಿಡಬೇಡ’ ಅಂದಳು. ಆ ಸೀಸನ್ ಪೂರ್ತಿ ಬರೆದೆವು. ಅಷ್ಟರವರೆಗೆ ನಾವೆಲ್ಲ ನಂಬಿದ್ದು, ಮಿಡಿ ಮೆತ್ತಗಾಗುವುದು ಮರದ ಜಾತಿಯಿಂದ ಅಂತ. ಪುಸ್ತಕ ನೋಡಿದರೆ ಹಾಳಾದ ಏಳು ಬ್ಯಾರಲ್‌ಗಳಲ್ಲಿ ಆರು ಸಂಜೆ ಬಂದ ಮಿಡಿಯವು. ನಮ್ಮ ಹೆಂಗಸರು ಐದೂವರೆ ಬಸ್ಸಿಗೆ ಹೊರಡುತ್ತಾರೆ. ಆಮೇಲೆ ಬಂದ ಮಿಡಿ ರಾತ್ರಿಯಿಡೀ ಚೀಲದಲ್ಲೇ ಬೇಯುತ್ತಿತ್ತು. ಮರುವರ್ಷ ಇಬ್ಬರಿಗೆ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಪಾಳಿ ಮಾಡಿ, ಮನೆಗೆ ಬಿಡಲು ಜೀಪು ಗೊತ್ತು ಮಾಡಿದೆವು. ಹಾಳಾಗಿದ್ದು ಎರಡೇ ಬ್ಯಾರಲ್.

ಆಮೇಲೆ ಅವಳೇ ನನಗೆ ಒಂದು ದೊಡ್ಡ ಅಧ್ಯಯನದ ಬಗ್ಗೆ ಹೇಳಿದಳು. ಮುಂಬೈ ಹತ್ತಿರದ ಬಟ್ಟೆ ಮಿಲ್ಲುಗಳಲ್ಲಿ 2008ರಲ್ಲಿ ಶುರು ಮಾಡಿದ್ದು. ನಿಕೊಲಸ್ ಬ್ಲೂಮ್ ಅನ್ನುವ ಅರ್ಥಶಾಸ್ತ್ರಜ್ಞರು ಮತ್ತು ಜೊತೆಗಾರರು 17 ಕಂಪನಿಗಳ 28 ಘಟಕಗಳನ್ನು ನೋಡಿದರು. ಕೆಲವು ಘಟಕಗಳಿಗೆ ಸಲಹೆಗಾರರು ತಿಂಗಳುಗಟ್ಟಲೆ ಹೋಗಿ ಕೂತು 38 ಪದ್ಧತಿಗಳನ್ನು ಕಲಿಸಿದರು. ಇನ್ನು ಕೆಲವಕ್ಕೆ ಒಂದು ತಿಂಗಳ ತಪಾಸಣೆ ಮಾತ್ರ. ಆ 38ರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ನೂಲನ್ನು ಲೇಬಲ್ ಹಾಕಿ ಜೋಡಿಸಿಡಿ. ಮಗ್ಗ ಯಾಕೆ ನಿಂತಿತು ಅಂತ ಬರೆದಿಡಿ. ಬಟ್ಟೆಯ ದೋಷವನ್ನು ದಿನಾ ಎಣಿಸಿ. ಮೊದಲ ವರ್ಷದಲ್ಲೇ ಉತ್ಪಾದಕತೆ 17 ಶೇಕಡಾ ಹೆಚ್ಚಿತು. ಇದು ಪ್ರಕಟವಾಗಿದ್ದು 2013ರಲ್ಲಿ. ನಮ್ಮ ದೇಶದ್ದೇ ಕಥೆ, ನಮ್ಮಂಥವರದ್ದೇ ಕಥೆ. ಆದರೆ ಶಿರಸಿಯಲ್ಲಿ ಎಷ್ಟು ಜನರಿಗೆ ಗೊತ್ತು? ನನಗೇ ಮನೆಮಗಳು ಹೇಳಿದ್ದಕ್ಕೆ ಗೊತ್ತಾಯಿತು.

ಇದೇ ನನ್ನ ಪ್ರಶ್ನೆ. ಅಲ್ಲಿ ಅಷ್ಟು ಒಳ್ಳೆಯ ಕೆಲಸ ಆಗುತ್ತಿದೆ. ಇಲ್ಲಿ ಅದರ ಅಗತ್ಯ ಇದೆ. ನಡುವೆ ಸಂಕ ಯಾಕಿಲ್ಲ?

ಶರಾವತಿ ಮೇಷ್ಟ್ರು, ಹೊನ್ನಾವರ

ಮೇಡಂ, ನಾನು ವಾಣಿಜ್ಯ ಕಲಿಸುವವನು. ನೀವು ಹೇಳಿದ ಬೇಸರದಲ್ಲಿ ನನ್ನ ಪಾಲೂ ಇದೆ. ನನ್ನ ಪಿಎಚ್‌ಡಿಗೆ ಕರಾವಳಿಯ ಇನ್ನೂರು ಸ್ವಸಹಾಯ ಸಂಘಗಳಿಂದ ಪ್ರಶ್ನಾವಳಿ ತುಂಬಿಸಿದ್ದೆ. ಪ್ರಬಂಧ ಕಪ್ಪು ರಟ್ಟು ಹಾಕಿಕೊಂಡು ಲೈಬ್ರರಿಯಲ್ಲಿದೆ. ಆ ಸಂಘಗಳಿಗೆ ನಾನು ಏನನ್ನೂ ವಾಪಸ್ ಕೊಡಲಿಲ್ಲ. ಅದು ತಪ್ಪು ಅಂತ ಈಗ ಅನಿಸುತ್ತದೆ.

ಯಾಕೆ ಹೀಗಾಗುತ್ತದೆ ಅಂತ ಹೇಳಬೇಕು. ನಮ್ಮ ಬಡ್ತಿ, ನೇಮಕಾತಿ ಎಲ್ಲದರಲ್ಲೂ ಪೇಪರ್ ಎಣಿಕೆ ನಡೆಯುತ್ತದೆ. ನಿಮ್ಮ ಬ್ಯಾರಲ್ ಉಳಿದರೆ ನನಗೆ ಅಂಕ ಸಿಗುವುದಿಲ್ಲ. ಯುಜಿಸಿಯ 2016ರ ನಿಯಮದಲ್ಲಿ ಪಿಎಚ್‌ಡಿ ಪ್ರಬಂಧ ಕೊಡುವ ಮೊದಲು ಪೇಪರ್ ಪ್ರಕಟಿಸಲೇಬೇಕಿತ್ತು. 2022ರಲ್ಲಿ ಆ ಕಡ್ಡಾಯ ತೆಗೆದರು. ಆದರೆ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಪ್ರಶ್ನಾವಳಿ ಅಗ್ಗ. ಒಂದು ತಿಂಗಳಲ್ಲಿ ಇನ್ನೂರು ಸಿಗುತ್ತವೆ. ಎಂಟು ದಿನ ಶೆಡ್ಡಿನಲ್ಲಿ ಕೂತರೆ ಸಿಗುವುದು ಒಂದೇ ಘಟಕದ ಕಥೆ. ಒಂದು ಘಟಕದಿಂದ ಏನು ಸಾಬೀತಾಗುತ್ತದೆ ಅಂತ ಪರೀಕ್ಷಕರು ಕೇಳುತ್ತಾರೆ.

ಇದರ ಬೇರು ಹಳೆಯದು. ಅಮೆರಿಕದಲ್ಲಿ 1959ರಲ್ಲಿ ಎರಡು ದೊಡ್ಡ ವರದಿ ಬಂದವು. ಒಂದು ಫೋರ್ಡ್ ಫೌಂಡೇಶನ್ನಿಂದ, ಇನ್ನೊಂದು ಕಾರ್ನೆಗಿ ಕಡೆಯಿಂದ. ಬಿಸಿನೆಸ್ ಸ್ಕೂಲುಗಳು ಬರೀ ಕಸುಬು ಹೇಳಿಕೊಡುತ್ತಿವೆ, ಅಲ್ಲಿ ವಿಜ್ಞಾನ ಇಲ್ಲ ಅಂತ ಎರಡೂ ಬೈದವು. ಅದರಲ್ಲಿ ನಿಜವಿತ್ತು. ಅಲ್ಲಿಂದ ಲೆಕ್ಕ, ಸಿದ್ಧಾಂತ, ಪತ್ರಿಕೆಗಳು ಬೆಳೆದವು. ನಮ್ಮ ಕೋಲ್ಕತ್ತಾ ಮತ್ತು ಅಹಮದಾಬಾದ್ ಐಐಎಂಗಳು ಶುರುವಾಗಿದ್ದು 1961ರಲ್ಲಿ, ಅದೇ ಗಾಳಿ ಬೀಸುತ್ತಿದ್ದಾಗ. ವಿಜ್ಞಾನ ಬಂತು, ಒಳ್ಳೆಯದೇ ಆಯಿತು. ಆದರೆ ಬರೆಯುವವರು ಬರೆಯುವವರಿಗಾಗಿಯೇ ಬರೆಯುವ ರೂಢಿಯೂ ಅದರ ಜೊತೆಗೇ ಬಂತು.

ಒಂದು ಮಾತು ಮಾತ್ರ ಕೇಳಲೇಬೇಕು, ಕೋಪ ಮಾಡಿಕೊಳ್ಳಬೇಡಿ. ಏಳು ಬ್ಯಾರಲ್ ಎರಡಕ್ಕೆ ಇಳಿದದ್ದು ಪಾಳಿಯಿಂದಲೇ ಅಂತ ಹೇಗೆ ಗೊತ್ತು? ಆ ವರ್ಷ ಸೆಕೆ ಕಡಿಮೆ ಇದ್ದಿರಬಹುದು. ಮಿಡಿಯೇ ಚೆನ್ನಾಗಿ ಬಂದಿರಬಹುದು. ಮುಂಬೈಯವರು ಕೆಲವು ಘಟಕಗಳಿಗೆ ಪದ್ಧತಿ ಕಲಿಸದೆ ಬಿಟ್ಟದ್ದು ಇದಕ್ಕೇ. ಹೋಲಿಸಿ ನೋಡಲು ಒಂದು ಬೇಕಲ್ಲ.

ವಖಾರಿ ಮೊಮ್ಮಗ, ಶಿರಸಿ

ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ. ನಮ್ಮದು ಅಡಿಕೆ ವ್ಯಾಪಾರ, ಮೂರನೇ ತಲೆಮಾರು. ಅಜ್ಜ ಚಾಲಿ ಅಡಿಕೆಯ ಚೀಲದೊಳಗೆ ಕೈ ಹಾಕಿದರೆ ಒಣಗಿದ್ದು ಎಷ್ಟು ಅಂತ ಹೇಳುತ್ತಿದ್ದರು. ರಾಶಿ, ಬೆಟ್ಟೆ, ಬಿಳಿಗೋಟು ಅಂತ ಅಡಿಕೆಯ ಬಗೆ ಎಲ್ಲ ಒಂದು ನೋಟಕ್ಕೆ. ತೋಟಗಾರರು ಸೇರಿ ಟಿಎಸ್ಎಸ್ ಅನ್ನುವ ಸಹಕಾರಿ ಮಾರಾಟ ಸಂಘ ಕಟ್ಟಿದ್ದು 1923ರಲ್ಲಿ. ಆಗ ಇಲ್ಲಿ ಯಾವ ಎಂಬಿಎ ಇತ್ತು? ಬೆಳೆದವನಿಗೆ ಸರಿಯಾದ ದರ ಸಿಗಬೇಕು ಅನ್ನುವ ಒಂದೇ ಹಟ ಇತ್ತು. ಅದು ನೂರು ವರ್ಷ ದಾಟಿತು.

ನಾವೂ ಒಮ್ಮೆ ಹೊರಗಿನ ಎಂಬಿಎ ಹುಡುಗನನ್ನು ಇಟ್ಟುಕೊಂಡಿದ್ದೆವು. ಹನ್ನೆರಡು ಬಗೆಯ ಫಾರಂ ಮಾಡಿದ. ಎಂಟು ತಿಂಗಳಲ್ಲಿ ಬಿಟ್ಟು ಹೋದ. ಹಮಾಲರಿಗೆ ಆ ಫಾರಂ ಅರ್ಥವೇ ಆಗಲಿಲ್ಲ. ಅನುಭವ ಇಲ್ಲದ ಓದು ನಮಗೆ ಭಾರ ಅಂತ ನನ್ನ ಅಭಿಪ್ರಾಯ.

ಗೇರುಬೇಳೆ, ಕುಮಟಾ

ವಖಾರಿ ಅಣ್ಣಾ, ಅನುಭವ ದೊಡ್ಡದು, ಅದಕ್ಕೆ ಎರಡು ಮಾತಿಲ್ಲ. ಆದರೆ ಅದು ಒಬ್ಬರ ಕೈಯಲ್ಲೇ ಉಳಿದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ನಾನು ಗೇರು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ನಮ್ಮಲ್ಲಿ ಬೋರ್ಮಾ, ಅಂದರೆ ಬೇಳೆ ಒಣಗಿಸುವ ಒಲೆ, ನೋಡಿಕೊಳ್ಳುವ ಒಬ್ಬ ಅಮ್ಮ ಇದ್ದರು. ಬೇಳೆ ಒಣಗಿದ್ದು ಸಾಕು ಅಂತ ವಾಸನೆಯಲ್ಲೇ ಹೇಳುತ್ತಿದ್ದರು. ಮಂಡಿನೋವು ಅಂತ ಕೆಲಸ ಬಿಟ್ಟರು. ಮೂರು ವಾರ ನಮಗೆ ತುಂಡು ಬೇಳೆ ಜಾಸ್ತಿ ಬಂತು. ಅವರಿಗೆ ಗೊತ್ತಿದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ಇಷ್ಟು ಬಿಸಿಗೆ ಇಷ್ಟು ಹೊತ್ತು ಅಂತ ಒಂದು ಸಾಲು ಇದ್ದರೂ ಸಾಕಿತ್ತು.

ಇನ್ನೊಂದು. ಅನುಭವದಿಂದ ಬೆಳೆದವರು ಇಲ್ಲಿ ಬರೆಯುತ್ತಾರೆ. ಅನುಭವ ಇದ್ದೂ ಮುಚ್ಚಿದ ಅಂಗಡಿಯವರು ಈ ಚರ್ಚೆಗೆ ಬರುವುದಿಲ್ಲ ಅಲ್ವಾ? ಕುಮಟಾದಲ್ಲೇ ಅಂಥವರು ನನಗೆ ಗೊತ್ತು.

ಓದಿದ್ದು ನನಗೆ ಉಪಯೋಗವಾಗಿದೆ. 1975ರಲ್ಲಿ ಅಮೆರಿಕದಲ್ಲಿ ಲೇಥಮ್ ಮತ್ತು ಬಾಲ್ಡೆಸ್ ಅನ್ನುವವರು ಒಂದು ಅಧ್ಯಯನ ಮಾಡಿದರು. ದಿಮ್ಮಿ ಸಾಗಿಸುವ 36 ಲಾರಿ ಚಾಲಕರು. ಕಾನೂನು ಒಪ್ಪುವ ತೂಕದ ಸುಮಾರು 60 ಶೇಕಡಾ ಮಾತ್ರ ತುಂಬಿಕೊಂಡು ಬರುತ್ತಿದ್ದರು. ‘ಆದಷ್ಟು ತುಂಬಿ’ ಅಂದರೆ ಪ್ರಯೋಜನ ಆಗಲಿಲ್ಲ. 94 ಶೇಕಡಾ ಅಂತ ಒಂದು ಅಂಕೆ ಕೊಟ್ಟರು. ಹಣ ಜಾಸ್ತಿ ಕೊಡಲಿಲ್ಲ, ಬೈಯಲೂ ಇಲ್ಲ. ಕೆಲವೇ ತಿಂಗಳಲ್ಲಿ ತೂಕ 90 ದಾಟಿತು. ‘ಚೆನ್ನಾಗಿ ಮಾಡಿ’ ಅನ್ನುವುದಕ್ಕಿಂತ ಕಣ್ಣಿಗೆ ಕಾಣುವ ಒಂದು ಅಂಕೆ ಹೆಚ್ಚು ಕೆಲಸ ಮಾಡುತ್ತದೆ ಅಂತ ಆಯಿತು.

ನಾನು ಇದನ್ನು ಸಿಪ್ಪೆ ಬಿಡಿಸುವ ವಿಭಾಗದಲ್ಲಿ ಮಾಡಿದೆ. ದಿನಕ್ಕೆ ಇಷ್ಟು ಕಿಲೋ ಅಂತ ಬೋರ್ಡ್ ಬರೆದೆ. ಕಿಲೋ ಏರಿತು. ಇಡಿ ಬೇಳೆ ಇಳಿಯಿತು. ಅವಸರಕ್ಕೆ ಮುರಿಯುತ್ತಿದ್ದರು. ಇಡಿ ಬೇಳೆಗೂ ತುಂಡಿಗೂ ದರದಲ್ಲಿ ಎಷ್ಟು ವ್ಯತ್ಯಾಸ ಅಂತ ನಿಮಗೆಲ್ಲ ಗೊತ್ತು. ತಪ್ಪು ನನ್ನದೇ, ಹೆಂಗಸರದ್ದಲ್ಲ. ದಿಮ್ಮಿ ಮುರಿಯುವುದಿಲ್ಲ, ಬೇಳೆ ಮುರಿಯುತ್ತದೆ. ಆ ವ್ಯತ್ಯಾಸವನ್ನು ನಾನು ನೋಡಬೇಕಿತ್ತು. ಆಮೇಲೆ ಬೋರ್ಡಿನಲ್ಲಿ ನೂರಕ್ಕೆ ಎಷ್ಟು ಇಡಿ ಬೇಳೆ ಅಂತಲೂ ಬರೆಯಲು ಶುರು ಮಾಡಿದೆ. ಹದಕ್ಕೆ ಬಂತು. ಸಂಶೋಧನೆಯನ್ನು ನಮ್ಮ ಮಾಲಿಗೆ ಹೊಂದಿಸುವ ಕೆಲಸ ಬರೆದವರದ್ದಲ್ಲ, ನಮ್ಮದು.

ಬೈತಖೋಲ್ ಬೋಟು, ಕಾರವಾರ

ಗೇರುಬೇಳೆ ಮೇಡಂ ಹೇಳಿದ ಕೊನೆಯ ಸಾಲಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮದು ಎರಡು ಬೋಟು.

ಕೇರಳದ ತಾರ್ಲಿ ಮೀನುಗಾರರ ಮೇಲೆ ರಾಬರ್ಟ್ ಜೆನ್ಸನ್ ಅನ್ನುವವರು ಮಾಡಿದ ಕೆಲಸ ಬಹಳ ಹೆಸರಾಗಿದೆ. 1997ರಿಂದ 2001ರ ನಡುವೆ ಅಲ್ಲಿನ ಕರಾವಳಿಗೆ ಮೊಬೈಲ್ ಬಂತು. ಅದಕ್ಕೆ ಮೊದಲು ಒಂದು ದಡದಲ್ಲಿ ಮೀನು ಸುರಿದು ಹೋಗುತ್ತಿದ್ದರು, ಹತ್ತು ಹದಿನೈದು ಕಿಲೋಮೀಟರ್ ದೂರದಲ್ಲಿ ಕೊಳ್ಳುವವರು ಮೀನು ಇಲ್ಲದೆ ವಾಪಸ್ ಹೋಗುತ್ತಿದ್ದರು. ಫೋನ್ ಬಂದ ಮೇಲೆ ಸಮುದ್ರದಿಂದಲೇ ದರ ಕೇಳಿ ಬೋಟು ತಿರುಗಿಸಿದರು. ಮೀನು ಸುರಿಯುವುದು ನಿಂತೇ ಹೋಯಿತು ಅನ್ನುವಷ್ಟು ಕಡಿಮೆಯಾಯಿತು. ಮೀನುಗಾರರ ಲಾಭ 8 ಶೇಕಡಾ ಏರಿತು. ತಿನ್ನುವವರಿಗೆ ದರ 4 ಶೇಕಡಾ ಇಳಿಯಿತು. 2007ರಲ್ಲಿ ಪ್ರಕಟವಾಯಿತು. ಕೇಳಿದರೆ ಖುಷಿಯಾಗುತ್ತದೆ.

ಈಗ ನನ್ನ ಕಥೆ ಕೇಳಿ. ಬೋಟು ನಡೆಸುವ ನಮ್ಮ ತಾಂಡೇಲನಿಗೆ ಫೋನಿನಲ್ಲಿ ಮಲ್ಪೆಯ ದರವೂ ಗೊತ್ತು, ಗೋವಾದ್ದೂ ಗೊತ್ತು. ಆದರೆ ಬೋಟು ಬರುವುದು ಇಲ್ಲಿನ ಬೈತಖೋಲ್ ಬಂದರಿಗೇ. ಯಾಕೆ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಆಗ ಬಲೆ ರಿಪೇರಿಗೆ, ಇಂಜಿನ್ನಿಗೆ, ಖಲಾಸಿಗಳ ಮುಂಗಡಕ್ಕೆ ಹಣ ಕೊಟ್ಟವನು ಇಲ್ಲಿನ ಏಜೆಂಟ್. ಮೀನು ಅವನಿಗೇ ಕೊಡಬೇಕು. ಬೇರೆ ಬಂದರಿನಲ್ಲಿ ಕಿಲೋಗೆ ಹತ್ತು ರೂಪಾಯಿ ಜಾಸ್ತಿ ಸಿಕ್ಕರೂ, ಮುಂದಿನ ಮಳೆಗಾಲದಲ್ಲಿ ನನಗೆ ಹಣ ಯಾರು ಕೊಡುತ್ತಾರೆ? ಡೀಸೆಲ್ ಲೆಕ್ಕ ಬೇರೆ.

ಕೆಲವು ವರ್ಷಗಳ ಮೇಲೆ ಬೇರೆ ಸಂಶೋಧಕರು ಮತ್ತೆ ಕೇರಳದ ದಡಕ್ಕೆ ಹೋಗಿ ಇದನ್ನೇ ಬರೆದರು. ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್, 2013ರಲ್ಲಿ. ಸಾಲ ಕೊಟ್ಟವನ ಜೊತೆಗಿನ ಸಂಬಂಧ ನೋಡದೆ ಫೋನಿನ ಕಥೆ ಪೂರ್ತಿಯಾಗುವುದಿಲ್ಲ ಅಂತ. ಮೊದಲನೆಯದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಜಾಗದಲ್ಲಿ, ಆ ಮೀನಿಗೆ, ಆ ಹೊತ್ತಿಗೆ ಅದು ನಿಜ. ಆದರೆ ಅದೊಂದನ್ನೇ ಹಿಡಿದು ‘ಕಾರವಾರದವರಿಗೆ ಒಂದು ಆ್ಯಪ್ ಕೊಡೋಣ’ ಅಂತ ಬಂದವರನ್ನು ನಾನು ಕಂಡಿದ್ದೇನೆ. ಸಾಲದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನಗೆ ದರ ತಿಳಿಸುವ ಆ್ಯಪ್ ಬೇಡ. ಜೂನ್‌ನಲ್ಲಿ ಕಡಿಮೆ ಬಡ್ಡಿಗೆ ಹಣ ಸಿಗುವ ದಾರಿ ಬೇಕು. ಯಾರಾದರೂ ಅದನ್ನು ಸಂಶೋಧನೆ ಮಾಡಲಿ. ನನ್ನ ಎರಡೂ ಬೋಟಿನ ಐದು ವರ್ಷದ ಲೆಕ್ಕ ಕೊಡುತ್ತೇನೆ.

ಶರಾವತಿ ಮೇಷ್ಟ್ರು, ಹೊನ್ನಾವರ

ಬೋಟಿನವರೇ, ಈ ಮಾತಿಗಾಗಿ ನಾನು ಇಪ್ಪತ್ತು ವರ್ಷ ಕಾದಿದ್ದೇನೆ. ನಮ್ಮ ದೊಡ್ಡ ಕಷ್ಟ ಏನು ಗೊತ್ತಾ? ಲೆಕ್ಕದ ಪುಸ್ತಕ ಯಾರೂ ತೋರಿಸುವುದಿಲ್ಲ. ತೆರಿಗೆಯವರು ಬಂದರೋ ಅನ್ನುವ ಹಾಗೆ ನೋಡುತ್ತಾರೆ. ಪುಸ್ತಕ ಸಿಗದಿದ್ದಾಗ ನಾವು ‘ಒಪ್ಪುತ್ತೀರಾ, ಇಲ್ವಾ’ ಅಂತ ಕೇಳುತ್ತೇವೆ. ಸಂಶೋಧಕ ಬಂದು ಕೂರಬೇಕು ಅಂತ ಹೇಳುವಾಗ, ಕೂತವನ ಮುಂದೆ ಪುಸ್ತಕವನ್ನೂ ಇಡಬೇಕು. ನೀವು ಅದನ್ನು ಹೇಳಿದಿರಿ. ನಾನು ಬರುತ್ತೇನೆ, ನಿಜವಾಗಿ ಬರುತ್ತೇನೆ.

ವಖಾರಿಯವರಿಗೂ ಒಂದು ಮಾತು. ಅನುಭವ ಇದ್ದವರ ಕಣ್ಣಿಗೂ ಕೆಲವು ಬೀಳುವುದಿಲ್ಲ. ಬಾಲಿ ಪಕ್ಕದ ನುಸಾ ಪೆನಿಡಾದಲ್ಲಿ ಸಮುದ್ರದ ಪಾಚಿ ಬೆಳೆಯುತ್ತಾರೆ. ಅವರಿಗೆ ಹಗ್ಗಗಳ ನಡುವೆ ಎಷ್ಟು ಅಂತರ ಇರಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಕಟ್ಟುವ ತುಂಡು ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ಬಹಳಷ್ಟು ಜನ ಗಮನಿಸಿಯೇ ಇರಲಿಲ್ಲ. ತಮ್ಮ ತುಂಡಿನ ಗಾತ್ರ ಎಷ್ಟು ಅಂತಲೂ ಹೇಳಲಾಗಲಿಲ್ಲ. ಸಂಶೋಧಕರು ಅವರದ್ದೇ ಹೊಲದಲ್ಲಿ ಪ್ರಯೋಗ ಮಾಡಿದರು. ಅದನ್ನು ಕಣ್ಣಾರೆ ಕಂಡರೂ ಬದಲಾಗಲಿಲ್ಲ. ಪ್ರಯೋಗದ ಫಲವನ್ನು ಒಂದು ಹಾಳೆಯಲ್ಲಿ ಅವರದ್ದೇ ಅಂಕೆ ಹಾಕಿ ತೋರಿಸಿದ ಮೇಲೆ ಬದಲಾದರು. ಇದು 2014ರ ಅಧ್ಯಯನ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ಕೊನೆಯ ಹಾಳೆ. ಮಿಡಿಮನೆಯವರಿಗೆ ಎರಡು ಸಲ ಸಿಗದೇ ಹೋದದ್ದು ಆ ಹಾಳೆ.

ಕಿರಾಣಿ, ಸಿದ್ದಾಪುರ

ನಾನು ಜಾಸ್ತಿ ಓದಿದವನಲ್ಲ. ಒಂದು ಸಣ್ಣ ವಿಷಯ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಕಚೇರಿಯವರು ಸಣ್ಣ ವ್ಯಾಪಾರಿಗಳಿಗೆ ಮೂರು ದಿನದ ತರಬೇತಿ ಕೊಟ್ಟರು. ಜಮಾ, ಖರ್ಚು, ಲಾಭನಷ್ಟದ ಪಟ್ಟಿ, ಸವಕಳಿ, ಎಲ್ಲ. ಸರ್ಟಿಫಿಕೇಟ್ ಗೋಡೆ ಮೇಲಿದೆ. ಮನೆಗೆ ಬಂದು ಒಂದು ದಿನವೂ ಹಾಗೆ ಬರೆಯಲಿಲ್ಲ. ಹಗಲಿಡೀ ಗಿರಾಕಿ, ರಾತ್ರಿ ನಿದ್ದೆ.

ಆಮೇಲೆ ನನ್ನ ತಮ್ಮ ಹೇಳಿದ. ಡೊಮಿನಿಕನ್ ರಿಪಬ್ಲಿಕ್ ಅನ್ನುವ ದೇಶದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರಂತೆ. ಕೆಲವರಿಗೆ ಪೂರ್ತಿ ಲೆಕ್ಕಶಾಸ್ತ್ರ ಕಲಿಸಿದರು. ಕೆಲವರಿಗೆ ನೆನಪಿಡಲು ಸುಲಭವಾದ ಕೆಲವು ನಿಯಮ ಮಾತ್ರ. ಅಂಗಡಿ ಹಣ ಒಂದು ಡ್ರಾಯರಿನಲ್ಲಿ, ಮನೆ ಹಣ ಇನ್ನೊಂದರಲ್ಲಿ. ಇದರಿಂದ ಅದಕ್ಕೆ ತೆಗೆದರೆ ಚೀಟಿ ಹಾಕಬೇಕು. ಪೂರ್ತಿ ಕಲಿತವರಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಸರಳ ನಿಯಮದವರು ಸುಧಾರಿಸಿದರು. ನಾನು ಅವತ್ತೇ ಗಲ್ಲಾಪೆಟ್ಟಿಗೆ ಪಕ್ಕ ಹಳೆಯ ಬಿಸ್ಕತ್ತಿನ ಡಬ್ಬಿ ಇಟ್ಟೆ. ಅದು ಮನೆಯದು. ಮೊದಲ ತಿಂಗಳ ಕೊನೆಗೆ ಚೀಟಿ ಕೂಡಿಸಿದಾಗ ಮನೆಗೆ ಎಷ್ಟು ಹೋಗುತ್ತಿತ್ತು ಅಂತ ನೋಡಿ ನಾನೂ ನನ್ನ ಹೆಂಡತಿಯೂ ಸುಮ್ಮನೆ ಕೂತುಬಿಟ್ಟೆವು. ಅಂಗಡಿ ನಡೆಯುವುದಿಲ್ಲ ಅಂತ ಅಂದುಕೊಂಡಿದ್ದೆವು. ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು.

ವಖಾರಿ ಮೊಮ್ಮಗ, ಶಿರಸಿ

ಎಲ್ಲ ಓದಿದೆ. ಮಿಡಿಮನೆ ಅಕ್ಕ ಹೇಳಿದ ಮುಂಬೈ ಅಧ್ಯಯನವನ್ನೂ ಮಗಳ ಹತ್ತಿರ ಹುಡುಕಿಸಿ ಓದಿಸಿಕೊಂಡೆ. ಅದರಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಆ ಕಂಪನಿಗಳು ಎಷ್ಟು ದೊಡ್ಡದಾಗಿವೆ ಅನ್ನುವುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಯಾವುದು ಗೊತ್ತಾ? ಮನೆಯಲ್ಲಿ ಎಷ್ಟು ಜನ ಗಂಡಸರಿದ್ದಾರೆ ಅನ್ನುವುದು. ಹೊರಗಿನವರನ್ನು ನಂಬಿ ಗಲ್ಲಾ ಬಿಡಲು ಆಗುವುದಿಲ್ಲ. ಹಾಗಾಗಿ ಅಣ್ಣತಮ್ಮಂದಿರು ಎಷ್ಟೋ, ಘಟಕ ಅಷ್ಟು.

ನಾವು ಯಲ್ಲಾಪುರದಲ್ಲಿ ಒಂದು ಶಾಖೆ ಮಾಡಬೇಕು ಅಂತ ಹದಿನೈದು ವರ್ಷದಿಂದ ಮಾತಾಡುತ್ತಿದ್ದೇವೆ. ತಮ್ಮ ಪುಣೆಗೆ ಹೋದ. ಅಲ್ಲಿ ಕೂರಲು ಮನೆಯವರು ಯಾರಿಲ್ಲ ಅಂತ ಬಿಟ್ಟೆವು. ಮಗಳು ಬಿ.ಕಾಂ. ಮುಗಿಸಿದ್ದಾಳೆ. ಅವಳನ್ನು ಕೂರಿಸುವ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದನ್ನು ಓದಿಕೊಡುತ್ತಿದ್ದವಳು ಅವಳೇ. ಓದಿ ಮುಗಿಸಿ ನನ್ನ ಮುಖ ನೋಡಿದಳು. ನಾವಿಬ್ಬರೂ ಈಗ ಆ ಬಗ್ಗೆ ಮಾತಾಡುತ್ತಿದ್ದೇವೆ. ಓದು ಭಾರ ಅಂದಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ.

ಮಿಡಿಮನೆ, ಶಿರಸಿ

ವಖಾರಿ ಅಣ್ಣ, ಓದಿ ಕಣ್ಣು ತುಂಬಿತು. ಮಗಳನ್ನು ಕೂರಿಸಿ.

ಮೇಷ್ಟ್ರೇ, ಕೋಪ ಇಲ್ಲ. ನೀವು ಕೇಳಿದ್ದು ಸರಿ. ಪಾಳಿಯಿಂದಲೇ ಅಂತ ನಾನು ಖಚಿತವಾಗಿ ಹೇಳಲಾರೆ. ಇನ್ನೂ ಒಂದು ವಿಷಯ ಹೇಳಲಿಲ್ಲ. ಆ ನೋಟ್‌ಬುಕ್ ಎರಡನೇ ವರ್ಷದ ಮಳೆಗಾಲದಲ್ಲಿ ನಿಂತುಹೋಯಿತು. ಬರೆಯುತ್ತಿದ್ದ ಹುಡುಗಿಗೆ ಮದುವೆಯಾಯಿತು, ಹಾನಗಲ್ಲಿಗೆ ಹೋದಳು. ಅತ್ತೆಗೆ ಹುಷಾರಿರಲಿಲ್ಲ, ನಾನು ಆಸ್ಪತ್ರೆ ಮನೆ ಅಂತ ಓಡಾಡುತ್ತಿದ್ದೆ. ಕಳೆದ ವಾರ ಮೆತ್ತಗಾದ ಬ್ಯಾರಲ್ ಯಾವ ಹೊತ್ತಿನದ್ದು ಅಂತ ಹೇಳಲು ನನ್ನ ಹತ್ತಿರ ಪುಸ್ತಕವೇ ಇಲ್ಲ.

ಮುಂಬೈಯವರು ಸುಮಾರು ಒಂಬತ್ತು ವರ್ಷ ಬಿಟ್ಟು ಮತ್ತೆ ಅದೇ ಮಿಲ್ಲುಗಳಿಗೆ ಹೋದರು. ಕಲಿಸಿದ್ದರಲ್ಲಿ ಸುಮಾರು ಅರ್ಧ ಬಿಟ್ಟುಹೋಗಿತ್ತು. ಕಾರಣ ಕೇಳಿದರೆ ಮುಖ್ಯವಾಗಿ ಎರಡು: ಮ್ಯಾನೇಜರ್ ಬದಲಾದರು, ಮಾಲೀಕರಿಗೆ ಪುರುಸೊತ್ತು ಇರಲಿಲ್ಲ. ನಮ್ಮ ಶೆಡ್ಡಿನಲ್ಲಿ ಆದದ್ದೂ ಅದೇ ಎರಡು. ಆದರೂ ಕಲಿಸದ ಮಿಲ್ಲುಗಳಿಗಿಂತ ಅವರು ಇನ್ನೂ ಮುಂದೆಯೇ ಇದ್ದರಂತೆ. ಅದೊಂದು ಧೈರ್ಯ.

ಅಂಕೋಲಾ ಹುಡುಗ, ಧಾರವಾಡ

ನಮಸ್ಕಾರ. ನಾನು ಧಾರವಾಡದಲ್ಲಿ ಎಂಬಿಎ ಎರಡನೇ ವರ್ಷ. ಊರು ಅಂಕೋಲಾ ಹತ್ತಿರ. ಎರಡು ತಿಂಗಳ ಪ್ರಾಜೆಕ್ಟ್ ಮಾಡಬೇಕು. ‘ಉತ್ತರ ಕನ್ನಡದ ಸಣ್ಣ ಉದ್ದಿಮೆಗಳಲ್ಲಿ ನೌಕರರ ತೃಪ್ತಿ’ ಅಂತ ವಿಷಯ ಕೊಟ್ಟು, ನೂರು ಪ್ರಶ್ನಾವಳಿ ಸಿದ್ಧ ಮಾಡಿದ್ದೆ. ಇದನ್ನೆಲ್ಲ ಓದಿದ ಮೇಲೆ ಅದನ್ನು ಹಂಚಲು ಮನಸ್ಸು ಬರುತ್ತಿಲ್ಲ. ನನ್ನ ಗೈಡ್ ಒಳ್ಳೆಯವರು, ಕೇಳಿದರೆ ವಿಷಯ ಬದಲಿಸಲು ಬಿಡುತ್ತಾರೆ. ಒಂದೇ ಜಾಗದಲ್ಲಿ ಕೂತು ಮಾಡಿದರೆ ಪ್ರಾಜೆಕ್ಟ್ ಅಂತ ಒಪ್ಪುತ್ತಾರಾ? ಮತ್ತೆ, ನನ್ನನ್ನು ಯಾರು ಕೂರಲು ಬಿಡುತ್ತಾರೆ?

ಶರಾವತಿ ಮೇಷ್ಟ್ರು, ಹೊನ್ನಾವರ

ಒಪ್ಪುತ್ತಾರೆ ತಮ್ಮಾ. ಕೆಲಸ ಗಟ್ಟಿ ಇರಬೇಕು ಅಷ್ಟೇ. ಕರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರಜ್ಞ 1946ರಲ್ಲೇ ಇದಕ್ಕೊಂದು ದಾರಿ ಹಾಕಿಕೊಟ್ಟ. ಜಾಗದವರ ಜೊತೆ ಸೇರಿ ತೊಂದರೆ ಗುರುತಿಸು, ಏನಾದರೂ ಬದಲಿಸಿ ನೋಡು, ಏನಾಯಿತು ಅಳೆ, ಮತ್ತೆ ಬದಲಿಸು. ಕ್ರಿಯಾ ಸಂಶೋಧನೆ ಅನ್ನುತ್ತೇವೆ. ನಿನ್ನ ಗೈಡ್‌ಗೆ ಈ ಹೆಸರು ಹೇಳು, ಅವರಿಗೆ ಗೊತ್ತಿರುತ್ತದೆ.

ಮಿಡಿಮನೆ ಮೇಡಂ, ನಿಮ್ಮ ಶೆಡ್ಡಿನಲ್ಲಿ ಸರಿಯಾದ ಹೋಲಿಕೆ ಮಾಡಬಹುದು. ಸಂಜೆ ಬಂದ ಮಿಡಿಯಲ್ಲಿ ಅರ್ಧ ಅವತ್ತೇ ಉಪ್ಪಿಗೆ, ಅರ್ಧ ಮರುದಿನ.

ಮಿಡಿಮನೆ, ಶಿರಸಿ

ಅದು ನನ್ನಿಂದ ಆಗುವುದಿಲ್ಲ ಮೇಷ್ಟ್ರೇ. ಅಘನಾಶಿನಿ ದಂಡೆಯ ಆ ದೊಡ್ಡ ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಹಗ್ಗದಲ್ಲಿ ಬುಟ್ಟಿ ಇಳಿಸಿ ತಂದ ಮಿಡಿ ಅದು. ಹಾಳಾಗುತ್ತದೆ ಅಂತ ಅನಿಸುತ್ತಿರುವಾಗ ಬೇಕಂತಲೇ ರಾತ್ರಿ ಚೀಲದಲ್ಲಿ ಬಿಡಲಾರೆ. ತಂದವನ ಮುಖ ಹೇಗೆ ನೋಡಲಿ?

ಶರಾವತಿ ಮೇಷ್ಟ್ರು, ಹೊನ್ನಾವರ

ಸರಿಯಾದ ಮಾತು, ನಾನು ಯೋಚನೆ ಮಾಡದೆ ಹೇಳಿದೆ. ಹಾಗಾದರೆ ನಿಮಗೇ ನಿಜವಾಗಿ ಗೊತ್ತಿಲ್ಲದ್ದು ಯಾವುದಾದರೂ ಇದೆಯಾ? ಶೆಡ್ಡಿನಲ್ಲಿ ಹೆಂಗಸರೇ ಎರಡು ಪಕ್ಷ ಆಗಿರುವಂಥದ್ದು?

ಮಿಡಿಮನೆ, ಶಿರಸಿ

ಇದೆ. ಉಪ್ಪಿಗೆ ಹಾಕಿದ ಮೇಲೆ ಮಿಡಿಯನ್ನು ದಿನಾ ತಿರುವಬೇಕೋ, ಎರಡು ದಿನಕ್ಕೊಮ್ಮೆ ಸಾಕೋ ಅಂತ. ದಿನಾ ತಿರುವಿದರೆ ಉಪ್ಪು ಸಮನಾಗಿ ಹಿಡಿಯುತ್ತದೆ ಅಂತ ಅರ್ಧ ಜನ. ಜಾಸ್ತಿ ತಿರುವಿದರೆ ತೊಟ್ಟು ಕಳಚುತ್ತದೆ, ಮಿಡಿ ನೋಯುತ್ತದೆ ಅಂತ ಇನ್ನರ್ಧ. ಅತ್ತೆಯ ಕಾಲದಿಂದ ಇರುವ ವಾದ. ಎರಡು ಬಗೆಯಲ್ಲೂ ಒಳ್ಳೆಯ ಉಪ್ಪಿನಕಾಯಿ ಆಗಿದೆ, ಹಾಳೂ ಆಗಿದೆ. ನಿಜವಾಗಿ ಗೊತ್ತಿಲ್ಲ.

ಗೇರುಬೇಳೆ, ಕುಮಟಾ

ಅದನ್ನೇ ಮಾಡಿ ಅಕ್ಕಾ! ಆದರೆ ಯಾವ ಬ್ಯಾರಲ್ ಯಾವ ಬಗೆ ಅಂತ ನೀವು ಆರಿಸಬೇಡಿ. ಒಳ್ಳೆಯ ಮಿಡಿ ಗೊತ್ತಿಲ್ಲದೆಯೇ ನಿಮ್ಮ ಪಕ್ಷಕ್ಕೆ ಬಿದ್ದುಬಿಡುತ್ತದೆ. ಚೀಟಿ ಎತ್ತಿ. ಮತ್ತೆ ಎಷ್ಟು ಹೊತ್ತಿಗೆ ಬಂತು ಅನ್ನುವ ಕಾಲಮನ್ನು ಬಿಡಬೇಡಿ, ಪಾಳಿಯ ಪ್ರಶ್ನೆಗೂ ಅದರಿಂದ ಸ್ವಲ್ಪ ಬೆಳಕು ಸಿಗುತ್ತದೆ.

ಮಿಡಿಮನೆ, ಶಿರಸಿ

ಹಾಗೇ ಮಾಡೋಣ. ಅಂಕೋಲಾ ತಮ್ಮಾ, ನಿನ್ನನ್ನು ನಾನು ಕೂರಿಸುತ್ತೇನೆ. ಫೆಬ್ರವರಿ ಎರಡನೇ ವಾರ ಬಾ. ಮಿಡಿ ಬರಲು ಶುರುವಾಗಿರುತ್ತದೆ. ಊಟ, ಉಳಿಯಲು ಜಾಗ ನಮ್ಮ ಮನೆಯಲ್ಲೇ. ನನ್ನದು ಎರಡು ಷರತ್ತು. ನೀನು ಹೋಗುವ ಮೊದಲು ಪುಸ್ತಕ ಬರೆಯುವುದನ್ನು ನಮ್ಮವರಲ್ಲಿ ಇಬ್ಬರಿಗೆ ಕಲಿಸಬೇಕು, ಒಬ್ಬರಿಗೆ ಅಲ್ಲ. ಏನು ಕಂಡಿತು ಅಂತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಬೇಕು. ಕಾಲೇಜಿಗೆ ಎಷ್ಟು ಪುಟ ಬೇಕಾದರೂ ಕೊಡು.

ಅಂಕೋಲಾ ಹುಡುಗ, ಧಾರವಾಡ

ಬರುತ್ತೇನೆ ಅಕ್ಕಾ. ಗೈಡ್ ಹತ್ತಿರ ಮಾತಾಡಿದೆ, ಒಪ್ಪಿದರು. ಒಂದು ಕೇಳಿದರು: ಎರಡು ತಿಂಗಳ ಮೇಲೆ ಬ್ಯಾರಲ್ ತೆಗೆದಾಗ ಯಾವುದು ಚೆನ್ನಾಗಿದೆ ಅಂತ ಹೇಳುವವರು ಯಾರು? ನೀವು ಹೇಳಿದರೆ ನಿಮಗೆ ಯಾವ ಬ್ಯಾರಲ್ ಯಾವುದು ಅಂತ ಮೊದಲೇ ಗೊತ್ತಿರುತ್ತದೆ.

ಮಿಡಿಮನೆ, ಶಿರಸಿ

ಅತ್ತೆಯನ್ನು ಕೇಳಿದೆ. ಈಗ ಶೆಡ್ಡಿಗೆ ಹೆಚ್ಚು ಬರುವುದಿಲ್ಲ ಅವರು. ಮಿಡಿ ಹಿಸುಕಿ, ಕಚ್ಚಿ ನೋಡಿ ಹೇಳುತ್ತಾರಂತೆ. ‘ಬ್ಯಾರಲ್ ಮೇಲೆ ನಂಬರ್ ಮಾತ್ರ ಇರಲಿ, ಯಾವುದು ಹೇಗೆ ತಿರುವಿದ್ದು ಅಂತ ನನಗೆ ಯಾರೂ ಹೇಳಬಾರದು’ ಅಂದರು. ನಾನು ಕೇಳದೆಯೇ ಅಂದದ್ದು. ಚೀಟಿ ಡಬ್ಬಿಯನ್ನೂ ಅವರೇ ತೆಗೆದಿಟ್ಟಿದ್ದಾರೆ, ಹಳೆಯ ಕುಂಕುಮದ ಡಬ್ಬಿ.